ಬೆರಳೆಣಿಕೆ

ಭಟ್ಟಿಯಲ್ಲಿ ಮರಳು ಕಾದು ಹದಕ್ಕೆ ಬಂದಾಗ
ಉಪ್ಪುನೀರು ಕುಡಿದ ಅಕ್ಕಿ ಸುರಿಯುತ್ತೇನೆ.
ಐದು ಎಣಿಸುವಷ್ಟರಲ್ಲಿ ಕಾಳು ಕಾಳೂ ಉಬ್ಬಿ
ಮಂಡಕ್ಕಿ.
ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲಸ.
ಉಬ್ಬುವುದು ಅಂದರೆ ಏನು ಅಂತ
ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ.

ಸಾಬಿರಾ ಹುಟ್ಟಿದ ದಿನ
ದಾದಿ ಒರೆಸಿದ ಕಡೆಯೆಲ್ಲ ಬೊಬ್ಬೆ.
ಮೊದಲ ಬೊಬ್ಬೆ ಬಾಯಿಂದ, ಉಳಿದವು ಮೈಯಿಂದ.
ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದೆ ಕನ್ನಡ,
ಅದರದೇನೂ ತಪ್ಪಿಲ್ಲ.

"ಸಂಬಂಧದಲ್ಲೇ ಮದುವೆಯಾ?" ಕೇಳಿದರು ಡಾಕ್ಟರಮ್ಮ.
ಜೈತುನ್ ನನ್ನ ಅತ್ತೆಯ ಮಗಳು.
ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆವು.
ಅದು ಹೋದ ವರ್ಷದ್ದು.

ಉಪ್ಪು, ಹೊಗೆ, ಜರಡಿಯ ಅಂಚು ತಿಂದ ನನ್ನ ಅಂಗೈ
ಉಪ್ಪುಕಾಗದ.
ಮಗಳನ್ನು ಎತ್ತಬೇಕಾದರೆ
ಹಳೇ ಮಲ್‌ಮಲ್ ದುಪಟ್ಟಾ ಹಾಸಿ, ಅಡಿಯಿಂದ,
ಉಜ್ಜದೆ, ಎಳೆಯದೆ,
ತುಂಬಿದ ಮೊರ ಎತ್ತಿದ ಹಾಗೆ.

ಗಾಯ ಮಾಯುತ್ತಿತ್ತು. ಅದೇ ತೊಂದರೆ.
ಮಾಯುವಾಗ ಪಕ್ಕದ ಬೆರಳನ್ನೂ ಕರೆದುಕೊಳ್ಳುತ್ತಿತ್ತು.
ಎಲ್ಲಿ ನಿಲ್ಲಬೇಕು ಅಂತ ಗಾಯಕ್ಕೆ ಗೊತ್ತಿಲ್ಲ.
ಏಳನೇ ವರ್ಷಕ್ಕೆ ಐದೂ ಒಳಗೆ,
ಬಾಯಿ ಹೊಲಿದ ಚೀಲ.

ಶಾಲೆಯಲ್ಲಿ ಒಂದಕ್ಕೆ ಹೋಗಬೇಕಾದರೆ
ಕಿರುಬೆರಳು ತೋರಿಸಬೇಕು.
ಇವಳು ಎದ್ದು ನಿಲ್ಲುತ್ತಿದ್ದಳು, ಅಷ್ಟೆ.
ಮೇಷ್ಟ್ರು ಕೆಲವು ಸಲ ಬೋರ್ಡಿನ ಕಡೆ ತಿರುಗಿರುತ್ತಿದ್ದರು.

ಆಪರೇಷನ್ ದಿನ ಹಾಲಮ್ಮ ಸಿಸ್ಟರ್
ಬಳೆ, ವಾಚು, ಉಂಗುರ ಬಿಚ್ಚಿ
ನನ್ನ ಜೇಬಿಗೆ ಹಾಕಿದರು:
"ಇಟ್ಕೋ ದಾದಾಪೀರ್, ಮದುವೆ ಉಂಗುರ, ಜೋಪಾನ."
ಟೇಪು ಅಂಟಿಸಲಿಲ್ಲ.
ಗ್ಲೂಕೋಸಿನ ಸೂಜಿಯನ್ನೂ ಬಟ್ಟೆಯಲ್ಲೇ ಕಟ್ಟಿದರು,
ಉಸಿರಿನ ಮಾಸ್ಕಿನ ಅಂಚಿಗೆಲ್ಲ ವ್ಯಾಸಲಿನ್.
ತೊಡೆಯಲ್ಲಿ ಚೆನ್ನಾಗಿರುವ ಚರ್ಮ ಹುಡುಕಲಿಕ್ಕೇ
ಅರ್ಧ ಗಂಟೆ ಹಿಡಿಯಿತಂತೆ.
ಬಲಗೈ. ನಾಲ್ಕೂವರೆ ತಾಸು.
ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ.

ಮೇಲಿನ ಚೀಲ ಬಿಡಿಸಿ,
ಮುದುಡಿದ್ದನ್ನು ಒಂದೊಂದೇ ನೆಟ್ಟಗೆ ಮಾಡಿ,
ತಂತಿ ಚುಚ್ಚಿ ನಿಲ್ಲಿಸಿ,
ಸಂದಿ ಸಂದಿಗೆ ತೊಡೆಯ ಚರ್ಮ ಹಾಸಿದ್ದೀವಿ ಅಂದರು.
ಆಮೇಲೆ ಕುರ್ಚಿ ಎಳೆದು ಎದುರಿಗೇ ಕೂತು,
"ಮತ್ತೆ ಅಂಟಿಕೊಳ್ಳುತ್ತೆ.
ದಿನಾ ರಾತ್ರಿ ಪಟ್ಟಿ ಕಟ್ಟಿದರೆ ತಡವಾಗಿ."
ಎಷ್ಟು ವರ್ಷ ಅಮ್ಮಾ?
"ಬೆರಳೆಣಿಕೆ," ಅಂದವರು
ಅಂದದ್ದಕ್ಕೆ ತಾವೇ ನಾಲಿಗೆ ಕಚ್ಚಿಕೊಂಡರು.
ನನಗೆ ನಗು ಬಂತು, ದೇವರಾಣೆ.
ಎಣಿಸಲಿಕ್ಕೆ ಈಗ ಬೆರಳು ಇದಾವಲ್ಲ.

ತಂತಿ ತೆಗೆದ ಮಾರನೇ ವಾರ
ಜೈತುನ್ ಸೂಸ್ಲಕ್ಕೆ ಮಂಡಕ್ಕಿ ನೆನೆಹಾಕುತ್ತಿದ್ದಳು.
ಗಂಟಲಲ್ಲೂ ಬೊಬ್ಬೆ ಏಳುವ ಹುಡುಗಿಗೆ
ಗರಿಗರಿ ಆಗುವುದಿಲ್ಲ.
ಸಾಬಿರಾ ಒಣಗಿದ್ದರಲ್ಲೇ ಒಂದು ಕಾಳನ್ನು
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಳು.
ಗುಲಾಬಿ ಬೆರಳು, ಉಗುರಿಲ್ಲದವು,
ಆಗ ತಾನೇ ಹುಟ್ಟಿದ ಇಲಿಮರಿಗಳ ಹಾಗೆ.
ಕಾಳು ಬೀಳಲಿಲ್ಲ. ಚರ್ಮ ಏಳಲಿಲ್ಲ.
ಅಷ್ಟು ಹಗುರಾದ್ದೊಂದನ್ನು
ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿದ್ದೆ ಅಂತ
ಅವತ್ತು ಗೊತ್ತಾಯಿತು.
ನನ್ನ ಬಾಯಿಗೇ ಇಟ್ಟಳು.

ಪಟ್ಟಿ ಕಟ್ಟುವಾಗ ಅಳುತ್ತಾಳೆ, ದಿನಾ.
ಕಟ್ಟುತ್ತೇನೆ, ದಿನಾ.
ಎಡಗೈ ಇನ್ನೂ ಒಳಗೇ ಇದೆ.
ಕಿರುಬೆರಳ ಬುಡದಲ್ಲಿ ಆಗಲೇ
ಒಂದು ಎಳೆ ಬಿಗಿಯುತ್ತಿದೆಯೇನೋ ಅನಿಸುತ್ತದೆ.
ಜೈತುನ್‌ಗೆ ಹೇಳಿಲ್ಲ.

ನಿನ್ನೆ ನಡುರಾತ್ರಿ ಎಬ್ಬಿಸಿದಳು.
ಬಾಯಿ ಬಿಟ್ಟು ಹೇಳಬಹುದಿತ್ತು, ಹೇಳಲಿಲ್ಲ.
ಪಟ್ಟಿಯನ್ನು ತಾನೇ ಸಡಿಲಿಸಿಕೊಂಡು
ನೈಟ್ ಲ್ಯಾಂಪಿನ ಬೆಳಕಿಗೆ ಹಿಡಿದು
ಮೇಷ್ಟ್ರಿಗೆ ತೋರಿಸುವ ಹಾಗೆ ತೋರಿಸಿದಳು
ಕಿರುಬೆರಳು.
ಹೋಗಿ ಬಾ ಅಂದೆ.