ಮರೆವಿನ ಕಸುಬು

ಅರಸೀಕೆರೆ ಸ್ಟೇಷನ್ನಿನ ಹಿಂದೆ, ಗೂಡ್ಸ್ ಶೆಡ್ಡಿನ ಗೋಡೆಗಂಟಿ
ನಮ್ಮ ಬಾರು. ಹನ್ನೊಂದು ಟೇಬಲ್ಲು, ಒಂದಕ್ಕೆ ಕಾಲು ಕುಂಟು.
ಹದಿನಾರು ವರ್ಷದಿಂದ ಇಲ್ಲಿ ನಾನು ಸಪ್ಲೈಯರು.
ಯಾರಿಗೆ ಸೋಡಾ, ಯಾರಿಗೆ ಬರೀ ನೀರು,
ಯಾರಿಗೆ ಉಪ್ಪಿನಕಾಯಿ ನೆಕ್ಕಿದರೆ ಸಾಕು, ಬರೆದುಕೊಳ್ಳದೆ ಬಲ್ಲೆ.
ಆದರೆ ಮಾಲೀಕರಿಗೆ ಗೊತ್ತಿಲ್ಲದ ನನ್ನ ನಿಜವಾದ ಕಸುಬು
ಮರೆಯುವುದು.

ನಾಲ್ಕನೇ ನೈಂಟಿ ಕೇಳುವ ದನಿ ತೊದಲಿದರೆ
ನನ್ನ ಕಿವಿ ಮಂದವಾಗುತ್ತದೆ.
'ತಂದೆ ಅಣ್ಣಾ' ಅಂದು ಒಳಗೆ ಹೋಗಿ
ತೊಳೆದ ಲೋಟವನ್ನೇ ತೊಳೆಯುತ್ತ ನಿಲ್ಲುತ್ತೇನೆ.
ಬರುವಾಗ ಕೈಯಲ್ಲಿ ಬೇಯಿಸಿದ ಮೊಟ್ಟೆ, ಒಂದು ಜಗ್ ನೀರು.
'ಇದ್ಯಾರು ಹೇಳಿದ್ದು?'
'ನೀವೇ ಅಲ್ವಾ?'
ಕುಡಿದವನಿಗೆ ತನ್ನ ಮಾತಿನ ಮೇಲೇ ಅನುಮಾನ.
ಆ ಸಂದಿಯಲ್ಲಿ ಒಂದು ಮೊಟ್ಟೆ ಒಳಗಿಳಿಯುತ್ತದೆ.

ಕೊಬ್ಬರಿ ಹರಾಜಿನ ದಿನ ಮಾತ್ರ ಕಷ್ಟ.
ಜೇಬು ತುಂಬಿದವರ ನೆನಪು ಗಟ್ಟಿ.
ದಲ್ಲಾಳಿ ಗುರುಶಾಂತಪ್ಪ ಅವತ್ತು
ಬೈಕಿನ ಕೀ ಟೇಬಲ್ಲಿಗೆ ಬಡಿದು ಬಡಿದು
'ಯಾಕಲೇ, ನನ್ ದುಡ್ಡು ಓಡಲ್ವಾ?' ಅಂದರು.
ಪಕ್ಕದಲ್ಲಿ ಒಬ್ಬನೇ ಕೂತಿದ್ದ ಗ್ಯಾಂಗ್‌ಮನ್ ಹುಡುಗನ
ಕಡ್ಲೆಬೀಜದ ತಟ್ಟೆಗೆ ಕೈ ಹಾಕಿದರು.
ಹುಡುಗ ಎದ್ದ. ಲೋಟ ಬಿತ್ತು.
ಟ್ರೇ ಎದೆಗವುಚಿಕೊಂಡು ನಾನು ನಡುವೆ ನಿಂತೆ.
'ಆ ಮೂಲೆಗೆ ಹೋಗು ಮಗ, ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತೆ.'
ಇವರಿಗೆ ಅಂದೆ: 'ಇವತ್ತಿಗೆ ಸಾಕು. ಕೊಡಲ್ಲ.'

ಮರೆತಂತೆ ನಟಿಸದೆ ಆಡಿದ ಮೊದಲ ಮಾತು ಅದು.
ಏಟು ಎಡಗೆನ್ನೆಗೆ ಬಿತ್ತು, ಕಿವಿಯೂ ಸೇರಿ.

ಅಷ್ಟರಲ್ಲಿ ಕೀ ನನ್ನ ಟವೆಲ್ಲಿನೊಳಗಿತ್ತು.
ಆಟೋದ ಚಾಂದ್‌ಪೀರನಿಗೆ ನನ್ನ ಜೇಬಿಂದ ಅರವತ್ತು ಕೊಟ್ಟು
'ಗೇಟಿನ ಒಳಗೆ ಬಿಡು, ಹೊರಗಲ್ಲ' ಅಂದೆ.
ಬಾಗಿಲು ಹಾಕುವಾಗ ಮಾಲೀಕರು ಲೆಕ್ಕ ಬರೆದರು:
ಒಡೆದ ಲೋಟ ಒಂದು, ಮುನಿದ ಗಿರಾಕಿ ಒಂದು.
ಎರಡೂ ನನ್ನ ಹೆಸರಿಗೆ.

ಮರುದಿನ ಹನ್ನೊಂದಕ್ಕೆ ಬಂದರು, ಸ್ನಾನ ಮಾಡಿ, ವಿಭೂತಿ ಹಚ್ಚಿ.
'ಗಾಡಿ ಇಲ್ಲೇ ಮರೆತು ಹೋಗಿದ್ನಂತೆ.'
'ಹೌದಾ ಸಾರ್? ನಾನು ನೋಡ್ಲೇ ಇಲ್ಲ'
ಅನ್ನುತ್ತಲೇ ಡ್ರಾಯರಿಂದ ಕೀ ತೆಗೆದು ಕೊಟ್ಟೆ.
ನನ್ನ ಕೆನ್ನೆ ನೋಡಿದರು. ಕ್ಯಾಲೆಂಡರ್ ನೋಡಿದರು.
ನಿಜವಾಗಿ ಮರೆತಿದ್ದರೋ,
ನನ್ನ ಕಸುಬು ಅವರಿಗೂ ಬರುತ್ತದೋ,
ಹೇಗೆ ಕೇಳಲಿ?

ಗೂಡ್ಸ್ ಗಾಡಿ ಹಾಯುವಾಗ ಎಡಗಿವಿ ಈಗಲೂ ಗುಂಯ್‌ಗುಡುತ್ತದೆ.
ಆ ಕಡೆಯಿಂದ ಯಾರಾದರೂ ಇನ್ನೊಂದು ನೈಂಟಿ ಕೂಗಿದರೆ
ನಿಜಕ್ಕೂ ಕೇಳಿಸುವುದಿಲ್ಲ.