ಇಪ್ಪತ್ತನಾಲ್ಕು ಗಂಟೆ

ಕಣ್ಣು ಮುಚ್ಚಿ ನಿಲ್ಲಿ ಅಂದರೆ
ಬೇರು ಸಡಿಲಿದ ಬೈನೆಯಂತೆ ವಾಲುತ್ತಿದ್ದರು ಪಳಂಗಪ್ಪನವರು.
‘ಪಾದದಡಿ ನೆಲವೇ ಇಲ್ಲ ಮಗಳೆ,
ಈ ಸಲ ಪುತ್ತರಿ ಕೋಲಾಟದಲ್ಲಿ ನಗೆಪಾಟಲಾದೆ.’
ನಾಲಿಗೆ ನುಣ್ಣಗೆ, ಕೆಂಪಗೆ. ಕಾಚಂಪುಳಿ ತಾಗಿದರೆ ಉರಿ.

ಬಿ ಹನ್ನೆರಡು ಕಡಿಮೆ ಎಂದಾಗ
ಚೋಂದವ್ವ ರೇಗಿದರು:
‘ವಾರಕ್ಕೆ ಮೂರು ಸಲ ಪಂದಿಕರಿ ಉಣ್ಣುವವರಿಗೆ ಕೊರತೆಯೆ?
ನನ್ನ ಅಡುಗೆಗೆ ಹೆಸರಿಡುತ್ತೀರಾ?’

ಸೀಸದ ಡಬ್ಬಿಯಿಂದ ಒಂದು ಮಾತ್ರೆ ತೆಗೆದೆ.
ಕಣ್ಣಿಗೆ ಕಾಣದಷ್ಟು ವಿಟಮಿನ್ನು,
ಅದರ ನಟ್ಟನಡುವೆ ಕೋಬಾಲ್ಟ್ ಐವತ್ತೇಳು.
ಹೇಗೆ ವಿವರಿಸಲಿ ಅನ್ನುವಷ್ಟರಲ್ಲಿ ಅವರೇ ಅಂದರು:
‘ತಿಳಿಯಿತು. ಬೇಟೆನಾಯಿಯ ಕೊರಳ ಗಂಟೆ.
ಪೊದೆಯೊಳಗೆ ನಾಯಿ ಕಾಣದು, ಸದ್ದು ಕಾಣುತ್ತದೆ.’

ಆಮೇಲೆ ಸೂಜಿಯಲ್ಲಿ
ಗಂಟೆಯಿಲ್ಲದ ವಿಟಮಿನ್ನು, ಸಾವಿರ ಪಾಲು.
ಮೈಯ ಗೂಡೆಲ್ಲ ತುಂಬಿ
ಗಂಟೆ ಕಟ್ಟಿದ್ದು ಮೂತ್ರದಲ್ಲಿ ಹೊರಬರಲೆಂದು.
ಇಪ್ಪತ್ತನಾಲ್ಕು ಗಂಟೆ. ಒಂದು ಹನಿಯೂ ಚೆಲ್ಲಬಾರದು.

ನಾಪೋಕ್ಲು ಬಸ್ಸಿನಲ್ಲಿ ತೊಡೆಯ ಮೇಲೆ ಕ್ಯಾನು.
‘ಜೇನಾ ಅಜ್ಜಾ?’ ಎಂದನಂತೆ ಕಂಡಕ್ಟರ್.
‘ಹ್ಞೂಂ. ಸ್ವಂತದ್ದು.’

ಮೊದಲು ಬರೀ ಕೊಳವೆ ಎಣಿಸಬೇಕು.
ಮಡಿಕೇರಿಯ ಕಲ್ಲು ತನ್ನಷ್ಟಕ್ಕೇ ಟಿಕ್ ಅನ್ನುತ್ತದೆ,
ಮಂಜಿನಾಚೆಯ ಆಕಾಶವೂ.
ಅದನ್ನು ಕಳೆದು ಉಳಿದದ್ದು ಅವರದು:
ನೂರಕ್ಕೆ ಎರಡು.
ನಾಯಿ ಕಾಡು ಹೊಕ್ಕೇ ಇಲ್ಲ,
ಬೇಲಿಯ ಪಕ್ಕದಲ್ಲೇ ನಡೆದುಹೋಗಿದೆ.

ಮುಂದಿನ ವಾರ ಅದೇ ಮಾತ್ರೆ, ಜೊತೆಗೆ ಒಂದು ಪುಡಿ.
ವಿಟಮಿನ್ನಿನ ಕೈಹಿಡಿದು ಕರುಳು ದಾಟಿಸುವ ಜೊತೆಗಾರ,
ತೆಗೆದದ್ದು ಹಂದಿಯ ಜಠರದಿಂದ.

ನೂರಕ್ಕೆ ಹನ್ನೊಂದು!

ಕೆಮ್ಮು ಬರುವ ತನಕ ನಕ್ಕರು.
‘ಎಷ್ಟು ಹಂದಿ ಹೊಡೆದೆ! ಜಠರವೊಂದನ್ನೇ
ನಾಯಿಗಳಿಗೆ ಎಸೆದೆ.’
ತಿಂದಿದ್ದರೂ ಆಗುತ್ತಿರಲಿಲ್ಲ, ಬೇಯಿಸಿದರೆ ಅದು ಕೆಡುತ್ತದೆ, ಅಂದೆ.
ಚೋಂದವ್ವ ನಗಲಿಲ್ಲ.
‘ತಪ್ಪು ಅಡುಗೆಯದಲ್ಲ ಅಂತ ಬರೆದುಕೊಡಿ.’
ಬರೆದುಕೊಟ್ಟೆ, ಸೀಲು ಹಾಕಿ.

ತಿಂಗಳಿಗೊಂದು ಇಂಜೆಕ್ಷನ್, ಬದುಕಿರುವ ತನಕ.
ಡಬ್ಬಿಯಲ್ಲಿ ಮಿಕ್ಕ ಕೋಬಾಲ್ಟು
ಒಂಬತ್ತು ತಿಂಗಳಿಗೆ ಅರ್ಧವಾಗಿ,
ಆ ಅರ್ಧ ಮತ್ತೆ ಸವೆಯುತ್ತಿದ್ದಾಗ ಪುತ್ತರಿ ಬಂತು.

ಮಂದಿನಲ್ಲಿ ನಾನೂ ನಿಂತಿದ್ದೆ.
ಪಳಂಗಪ್ಪನವರು ಬೇಕೆಂದೇ ಕಣ್ಣು ಮುಚ್ಚಿ
ಕೋಲು ಬೀಸುತ್ತಿದ್ದರು.
ಅಭ್ಯಾಸಬಲ: ಸುತ್ತಲ ಗದ್ದಲ ಕಳೆದು
ಅವರ ಕೋಲಿನ ಸದ್ದನ್ನಷ್ಟೇ ಎಣಿಸುತ್ತಿದ್ದೆ.

ನೂರಕ್ಕೆ ಒಂದೆರಡು ಹೆಜ್ಜೆ ತಪ್ಪಿತು.
ಬರೆದುಕೊಳ್ಳಲಿಲ್ಲ.