ಯಾರೂ ಎತ್ತದಿದ್ದರೆ

ಧಕ್ಕೆಯ ಐಸ್ ಪ್ಲಾಂಟಿಗೆ ಹೊಸ ಫೋನು ಕೂರಿಸಲು ಹೋಗಿದ್ದೆ,
ಕಂಬದ ತಂತಿ ಬೇಡದ, ಇಂಟರ್ನೆಟ್ಟಿನಲ್ಲಿ ಬರುವ ಫೋನು.
ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್,
ಉಪ್ಪುಗಾಳಿಗೆ ಕಚ್ಚಿಕೊಂಡ ಸ್ಟೇಪ್ಲರ್,
ಎದುರಿಗೆ ಅಪೊಲಿನ್ ಬಾಯಿ,
ಕೆಮ್ಮು ಕೇಳಿಯೇ ಬೋಟಿನ ಹೆಸರು ಹೇಳುವವರು.

ಒಂದು ಒತ್ತಿದರೆ ಐಸು. ಎರಡು ಒತ್ತಿದರೆ ಲೆಕ್ಕ.
ಲೆಕ್ಕ ವಾಮನ ಪುತ್ರನ್‌ರದ್ದು;
ಆರು ರಿಂಗಿಗೆ ಎತ್ತದಿದ್ದರೆ ನಿಮಗೆ ಬರಲಿ, ಎಂದೆ.
‘ಬಾಕಿ ಕೇಳುವವರಿಗಾದರೆ ಎರಡನೆಯದಕ್ಕೇ ಎತ್ತುತ್ತಾನೆ.
ಬಾಕಿ ಕೊಡಬೇಕಾದವರಿಗೆ ಅರುವತ್ತಾದರೂ ಇಲ್ಲ.
ಮೂರು ಸಾಕು.’

ಕಚೇರಿ ಸಮಯ ಒಂಬತ್ತರಿಂದ ಆರು
ಎಂದು ಪರದೆ ತಾನೇ ತುಂಬಿಟ್ಟಿತ್ತು.
‘ಬೋಟಿಗೆ ಒಂಬತ್ತು ಗಂಟೆ ಗೊತ್ತುಂಟಾ ಮಾರಾಯ?
ಮೂರೂವರೆಗೆ ಅಳಿವೆ ಹತ್ತಿರ ಬರುವಾಗ
ಬಂಗುಡೆ ಉಂಟು, ನೂರು ಬ್ಲಾಕ್ ಇಡಿ ಅಂತಾರೆ.’
ರಾತ್ರಿಯನ್ನು ಎಳೆದು ಹಗಲಿನ ಖಾನೆಗೆ ಹಾಕಿದೆ.
ಶುಕ್ರವಾರ ಮಧ್ಯಾಹ್ನ ಪೊಡಿಮೋನು ನಮಾಜಿಗೆ, ಆಗ ಬೇರೆ ದಾರಿ.
ಆದಿತ್ಯವಾರ ಇವರ ಪೂಜೆ, ಇನ್ನೊಂದು ದಾರಿ.
ಜೂನ್, ಜುಲೈ ಬಲೆ ಒಣಗುವ ತಿಂಗಳು,
ಆಗ ಬರೇ ಲೆಕ್ಕ.

ಸ್ವಾಗತದ ಮಾತು ತುಳುವಿನಲ್ಲಿ, ಅವರದೇ ಸ್ವರದಲ್ಲಿ:
‘ಐಸ್‌ಗ್ ಒಂಜಿ ಒತ್ತುಲೆ.’
ನಾಲ್ಕು ಸಲವೂ ಹಿಂದೆ ಕ್ರಷರ್ ಗುರುಗುಟ್ಟಿತು.
ಕಿಟಕಿ ಮುಚ್ಚೋಣವೆಂದರೆ, ‘ಇರಲಿ.
ಆ ಸದ್ದಿಲ್ಲದಿದ್ದರೆ ರಾಂಗ್ ನಂಬರ್ ಅಂತ ಇಟ್ಟುಬಿಟ್ಟಾರು.’

ಕೊನೆಯ ಖಾನೆ: ಯಾರೂ ಎತ್ತದಿದ್ದರೆ?
‘ಹಾಗೆ ಆದದ್ದಿಲ್ಲ.’
ಖಾಲಿ ಬಿಟ್ಟರೆ ಖಾನೆ ಕೆಂಪಾಗುತ್ತದೆ, ಮುಂದೆ ಬಿಡುವುದಿಲ್ಲ.
ಮಾತು ಹಿಡಿದಿಡುವ ಪೆಟ್ಟಿಗೆಯುಂಟು, ಬೆಳಿಗ್ಗೆ ಕೇಳಬಹುದು, ಎಂದೆ.
ಅವರು ಹೊರಗೆ ಬುಟ್ಟಿ ಹೊತ್ತು ಓಡುವವರನ್ನು ನೋಡಿದರು,
ನನ್ನನ್ನು ನೋಡಿದರು.
ಕಡೆಗೆ ಕ್ರಷರಿನ ಪಕ್ಕದ ಗೋಡೆಗೆ ಒಂದು ಗಂಟೆ ತೂಗಿಸಿ
ಎಲ್ಲ ದಾರಿಗಳ ತುದಿಯನ್ನು ಅದಕ್ಕೆ ಕಟ್ಟಿದೆ.

ಆ ರಾತ್ರಿ ಮೂರೂವರೆಗೆ ಬೆಂಗರೆಯ ದಂಡೆಯಲ್ಲಿ ನಿಂತು ಕರೆದೆ.
ಒಳಗೆ ಯಾರೂ ಎತ್ತಬಾರದೆಂದು ಮೊದಲೇ ಹೇಳಿದ್ದೆ.
ಒಂದು ಒತ್ತಿದೆ. ರಿಂಗು. ರಿಂಗು.
ಆಮೇಲೆ ಕಿವಿಯ ಫೋನಿಗಿಂತ ಮೊದಲು
ನೀರಿನ ಮೇಲಿಂದ ಗಂಟೆ ಕೇಳಿಸಿತು,
ಕ್ರಷರ್ ನಿಂತಿತು.
‘ಏತ್ ಬ್ಲಾಕ್?’ ಪೊಡಿಮೋನುವಿನ ಸ್ವರ, ಏದುಸಿರು.
‘ಟೆಸ್ಟಿಂಗ್’ ಎಂದೆ.
ಆಚೆ ಪೆನ್ಸಿಲ್ ಹುಡುಕುವ ಸದ್ದು.
‘ಟೆಸ್ಟಿಂಗ್... ಅದು ಮಲ್ಪೆಯ ಬೋಟಾ?’